ಸ್ಟಾರ್‌ಪವರ್: ತರಗತಿಯಲ್ಲಿ ಸಿರಿತನ ಹಂಚುವ ಆಟ. ಕೊಳ್ಳಬೇಕೇ, ಮಾಡಿಕೊಳ್ಳಬೇಕೇ?

ಮೂವತ್ತು ಮಕ್ಕಳ ತರಗತಿಯನ್ನು ಒಂದೂವರೆ ಗಂಟೆಯೊಳಗೆ ಉಳ್ಳವರು, ನಡುವಿನವರು, ಇಲ್ಲದವರು ಎಂದು ಮೂರು ಪಾಲು ಮಾಡಿ, ಕೊನೆಗೆ ಉಳ್ಳವರ ಕೈಗೇ ಕಾನೂನು ಬರೆಯುವ ಪೆನ್ನು ಕೊಟ್ಟುಬಿಡುವ ಆಟ ಇದು. ಹೆಸರು ಸ್ಟಾರ್‌ಪವರ್. ಅಮೆರಿಕದ ಆರ್. ಗ್ಯಾರಿ ಶರ್ಟ್ಸ್ 1969ರಲ್ಲಿ ಇದನ್ನು ರೂಪಿಸಿದರು. ಕ್ಯಾಲಿಫೋರ್ನಿಯಾದಲ್ಲಿ ಅವರೇ ಕಟ್ಟಿದ ಸಿಮ್ಯುಲೇಷನ್ ಟ್ರೈನಿಂಗ್ ಸಿಸ್ಟಮ್ಸ್ ಸಂಸ್ಥೆ ಇದನ್ನು ಕಿಟ್ ಆಗಿ ಮಾರುತ್ತ ಬಂದಿದೆ. ಆಡಲು 18ರಿಂದ 35 ಜನ ಬೇಕು. ಏಳನೇ ತರಗತಿಗಿಂತ ಕೆಳಗಿನ ಮಕ್ಕಳಿಗೆ ಬೇಡ. ಹೈಸ್ಕೂಲು, ಪಿಯುಸಿ, ಡಿಎಡ್, ಬಿಎಡ್ ವಿದ್ಯಾರ್ಥಿಗಳಿಗೆ ಚೆನ್ನಾಗಿ ಒಗ್ಗುತ್ತದೆ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಆಟ ಅಸಾಧಾರಣವಾಗಿದೆ. ಆದರೆ ಡಾಲರ್ ತೆತ್ತು, ಕೊರಿಯರ್ ಮತ್ತು ಕಸ್ಟಮ್ಸ್ ಖರ್ಚು ಹೊತ್ತು ಕಿಟ್ ತರಿಸುವ ಅಗತ್ಯ ನಮ್ಮ ಶಾಲೆಗಳಿಗಿಲ್ಲ. ಐದು ಚಾರ್ಟ್ ಪೇಪರ್, ಒಂದು ಕಟ್ಟು ಕವರ್, ಒಂದು ಸಂಜೆಯ ಕತ್ತರಿ ಕೆಲಸ ಸಾಕು. ಹಣಕ್ಕಿಂತ ದುಬಾರಿಯಾಗಿ ಬೀಳುವುದು ಹೊತ್ತು. ಆಡಿಸುವವರು ಮಕ್ಕಳಿಂದ ಒಂದು ಸಂಗತಿಯನ್ನು ಬೇಕೆಂದೇ ಮುಚ್ಚಿಡುತ್ತಾರೆ. ಅದನ್ನು ಅದೇ ದಿನ, ಮನೆಗೆ ಹೋಗುವ ಬೆಲ್ ಹೊಡೆಯುವ ಮುನ್ನ ಬಿಚ್ಚಿಟ್ಟು ಮಾತಾಡಲು ಹೊತ್ತಿಲ್ಲವೆಂದರೆ ಈ ಆಟವನ್ನು ಮುಟ್ಟಲೇಬಾರದು.

ಆಟ ನಡೆಯುವ ಬಗೆ

ಪ್ರತಿಯೊಬ್ಬರಿಗೂ ಐದು ಬಿಲ್ಲೆ. ಬಣ್ಣ ಐದು ಬಗೆ: ಬಂಗಾರ, ಹಸಿರು, ಕೆಂಪು, ಬಿಳಿ, ನೀಲಿ. ಒಂದೊಂದು ಬಣ್ಣಕ್ಕೆ ಒಂದೊಂದು ಬೆಲೆ. ಒಂದೇ ಬಣ್ಣದವು ಹಲವು ಸೇರಿದರೆ ಮೇಲೆ ಕೊಸರು ಅಂಕ. ಹತ್ತು ನಿಮಿಷ ವ್ಯಾಪಾರ. ಯಾರು ಯಾರ ಜೊತೆ ಬೇಕಾದರೂ ಬಿಲ್ಲೆ ಬದಲಾಯಿಸಿಕೊಳ್ಳಬಹುದು, ಆದರೆ ಒಂದಕ್ಕೆ ಒಂದೇ. ಗೆಲ್ಲುವುದು ಕೊನೆಯಲ್ಲಿ ಅತಿ ಹೆಚ್ಚು ಅಂಕವಿರುವ ಮೂವರು.

ವ್ಯಾಪಾರದ ನಿಯಮಗಳು ವಿಚಿತ್ರವಾಗಿವೆ. ಜಾಣತನವೆಲ್ಲ ಅಲ್ಲೇ ಅಡಗಿದೆ. ಇಬ್ಬರೂ ಕೈ ಹಿಡಿದುಕೊಂಡಿರುವಾಗ ಮಾತ್ರ ಮಾತು, ಉಳಿದಂತೆ ಮೌನ. ಒಮ್ಮೆ ಕೈ ಹಿಡಿದರೆ ಬೇರೆ ಬೇರೆ ಬಣ್ಣದ ಬಿಲ್ಲೆಗಳ ಬದಲಾವಣೆ ಆಗಲೇಬೇಕು. ಒಪ್ಪಂದ ಕುದುರದಿದ್ದರೆ ಆ ಸುತ್ತು ಮುಗಿಯುವವರೆಗೂ ಇಬ್ಬರೂ ಹಾಗೇ ಕೈ ಹಿಡಿದು ನಿಂತಿರಬೇಕು. ವ್ಯಾಪಾರ ಬೇಡವೆನ್ನುವವರು ಕೈ ಕಟ್ಟಿ ನಿಲ್ಲಬಹುದು. ಬಿಲ್ಲೆಗಳನ್ನು ಯಾರಿಗೂ ತೋರಿಸುವಂತಿಲ್ಲ. ಎರಡನೇ ಸುತ್ತಿನ ಹೊತ್ತಿಗೆ ಕೋಣೆಯನ್ನು ಒಮ್ಮೆ ನೋಡಿದರೆ ಸಾಕು, ಉಳ್ಳವರು ಯಾರೆಂದು ತಿಳಿಯುತ್ತದೆ. ಕೈ ಕಟ್ಟಿ ಗೋಡೆಗೆ ಒರಗಿ ನಿಂತವರೇ ಅವರು.

ಸುತ್ತು ಮುಗಿದೊಡನೆ ಎಲ್ಲರ ಅಂಕವನ್ನೂ ಹೆಸರಿನ ಸಮೇತ ಬೋರ್ಡಿನ ಮೇಲೆ ಬರೆಯುತ್ತಾರೆ. ಹೆಚ್ಚು ಅಂಕದವರು ಚೌಕ, ನಡುವಿನವರು ವೃತ್ತ, ಕೆಳಗಿನವರು ತ್ರಿಕೋನ. ಎಲ್ಲರ ಎದೆಗೂ ಆ ಆಕಾರದ ಬ್ಯಾಡ್ಜು. ಆಮೇಲೆ ಬೋನಸ್ ಸುತ್ತು. ಪ್ರತಿ ಗುಂಪಿಗೂ ಮೂರು ಬೋನಸ್ ಬಿಲ್ಲೆ ಸಿಗುತ್ತದೆ. ಅವನ್ನು ಯಾರಿಗೆ ಕೊಡಬೇಕೆಂದು ಗುಂಪೇ ತೀರ್ಮಾನಿಸಬೇಕು, ಅದೂ ಒಮ್ಮತದಿಂದ. ಐದು ನಿಮಿಷದೊಳಗೆ ಒಮ್ಮತ ಬರದಿದ್ದರೆ ಬೋನಸ್ ರದ್ದು. ತ್ರಿಕೋನದವರಲ್ಲಿ ಯಾರ ಅಂಕವಾದರೂ ಮೇಲಿನ ಗುಂಪಿನ ಕೊನೆಯವರನ್ನು ದಾಟಿದರೆ ಇಬ್ಬರೂ ಬ್ಯಾಡ್ಜು ಬದಲಿಸಿಕೊಳ್ಳುತ್ತಾರೆ. ಬಡ್ತಿಯೂ ಉಂಟು, ಹಿಂಬಡ್ತಿಯೂ ಉಂಟು ಎಂದ ಮೇಲೆ ಆಟ ನ್ಯಾಯವಾಗಿದೆ ಎಂದು ಎಲ್ಲರೂ ನಂಬುತ್ತಾರೆ.

ಎರಡು ಸುತ್ತಾದ ಮೇಲೆ ಆಡಿಸುವವರು ಚೌಕದವರನ್ನು ಹೊಗಳಿ, ಇನ್ನು ಮುಂದಿನ ನಿಯಮಗಳನ್ನು ನೀವೇ ಮಾಡಿ ಎನ್ನುತ್ತಾರೆ. ಮುಂದಿನದು ಆಯಾ ತರಗತಿಗೆ ಬಿಟ್ಟದ್ದು. ಆದರೆ ಅದು ಸಾಮಾನ್ಯವಾಗಿ ಹೇಗೆ ಮುಗಿಯುತ್ತದೆ ಎಂದು ಪ್ರಕಾಶಕರೇ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಚೌಕದವರು ತಮ್ಮ ಸ್ಥಾನ ಕಾಯುವ ನಿಯಮ ಮಾಡುತ್ತಾರೆ, ಉಳಿದವರು ತಿರುಗಿ ಬೀಳುತ್ತಾರೆ.

ಮುಚ್ಚಿಟ್ಟದ್ದು ಏನು

ಬಿಲ್ಲೆ ಹಂಚಿದ್ದೇ ಸಮವಾಗಿ ಅಲ್ಲ. ಗುಟ್ಟು ಇಷ್ಟೇ. ಇದರ ಗಣಿತ ಅರ್ಥವಾಗದೆ ಆಡಿಸಲು ಹೋದವರ ಆಟ ಎರಡನೇ ಸುತ್ತಿಗೇ ಕುಸಿಯುತ್ತದೆ. ಹಾಗಾಗಿ ಇಲ್ಲಿ ಸ್ವಲ್ಪ ನಿಂತು ಲೆಕ್ಕ ಹಾಕೋಣ.

ಮನೆಯಲ್ಲೇ ಕಿಟ್ ಮಾಡಿಕೊಳ್ಳುವವರಿಗೆ ನಾವು ಸೂಚಿಸುವ ಬೆಲೆಪಟ್ಟಿ ಹೀಗಿದೆ. ಬಂಗಾರ 50, ಹಸಿರು 25, ಕೆಂಪು 15, ಬಿಳಿ 10, ನೀಲಿ 5. ಒಂದೇ ಬಣ್ಣದ ಐದಕ್ಕೆ ಕೊಸರು 20, ನಾಲ್ಕಕ್ಕೆ 10, ಮೂರಕ್ಕೆ 5. ಬೋನಸ್ ಬಿಲ್ಲೆ ಒಂದಕ್ಕೆ 10. ಹಂಚಿಕೆಯಲ್ಲಿ ಮೂರು ಬಗೆಯ ಕವರ್. ಮೊದಲ ಬಗೆಯಲ್ಲಿ ಒಂದು ಬಂಗಾರ, ಒಂದು ಹಸಿರು, ಉಳಿದ ಮೂರು ಕೆಂಪು-ಬಿಳಿ-ನೀಲಿಯಲ್ಲಿ ಕೈಗೆ ಸಿಕ್ಕಿದ್ದು. ಎರಡನೆಯದರಲ್ಲಿ ಒಂದು ಹಸಿರು, ಉಳಿದ ನಾಲ್ಕು ಕೈಗೆ ಸಿಕ್ಕಿದ್ದು. ಮೂರನೆಯದರಲ್ಲಿ ಐದೂ ಕೆಂಪು-ಬಿಳಿ-ನೀಲಿಯಲ್ಲೇ.

ಈಗ ವ್ಯಾಪಾರ ಶುರುವಾಗುವ ಮುಂಚಿನ ಸ್ಥಿತಿ ನೋಡಿ. ಮೊದಲ ಬಗೆಯ ಕವರ್ ಸಿಕ್ಕ ಮಗುವಿನ ಅದೃಷ್ಟ ಎಷ್ಟೇ ಕೆಟ್ಟಿದ್ದರೂ 95 ಅಂಕಕ್ಕೆ ಕಡಿಮೆಯಿಲ್ಲ. ಮೂರೂ ನೀಲಿಯೇ ಬಂದರೂ 50, 25, 15, ಕೊಸರು 5 ಸೇರಿ 95. ಎರಡನೇ ಬಗೆಯವರ ಅತ್ಯುತ್ತಮ ಅದೃಷ್ಟವೆಂದರೆ ಒಂದು ಹಸಿರು, ನಾಲ್ಕು ಕೆಂಪು. 25, 60, ಕೊಸರು 10, ಅದೂ 95. ಮೂರನೇ ಬಗೆಯವರಿಗೆ ಐದೂ ಕೆಂಪು ಬಂದರೆ 75ಕ್ಕೆ ಕೊಸರು 20 ಸೇರಿ ಮತ್ತೆ 95. ಅಂದರೆ ಮೇಲಿನವರ ನೆಲವೇ ಕೆಳಗಿನವರ ಚಾವಣಿ. ವೃತ್ತ ಮತ್ತು ತ್ರಿಕೋನಗಳ ನಡುವೆ ಮಾತ್ರ ಓಡಾಟಕ್ಕೆ ಜಾಗವಿದೆ. ವೃತ್ತದವರು 55ಕ್ಕೂ ಇಳಿಯಬಹುದು, ತ್ರಿಕೋನದವರು ಅಲ್ಲಿಂದ ಬಹಳ ಮೇಲಕ್ಕೂ ಏರಬಹುದು. ಕೆಳಗಿನ ಎರಡು ಗುಂಪಿನವರು ತಮ್ಮತಮ್ಮಲ್ಲೇ ಜಾಗಕ್ಕೆ ಗುದ್ದಾಡುತ್ತಾರೆ, ಮೇಲಿನವರು ನೋಡುತ್ತಿರುತ್ತಾರೆ.

ವ್ಯಾಪಾರ ಈ ಗೋಡೆಯನ್ನು ಒಡೆಯುವುದಿಲ್ಲವೇ? ಒಡೆಯದಂತೆಯೇ ಕೊಸರಿನ ಲೆಕ್ಕ ಇಟ್ಟಿದೆ. ಬಂಗಾರ, ಹಸಿರು, ಮೂರು ಕೆಂಪು ಇರುವವರಿಗೆ 125 ಅಂಕ. ಹಸಿರು ಕೊಟ್ಟು ಇನ್ನೊಂದು ಕೆಂಪು ತೆಗೆದುಕೊಂಡರೆ 120, ಐದು ನಷ್ಟ. ಹಸಿರು ಮತ್ತು ನಾಲ್ಕು ಕೆಂಪು ಇರುವ ವೃತ್ತದವರು ಹಸಿರು ಬಿಟ್ಟುಕೊಟ್ಟು ಐದು ಕೆಂಪು ಮಾಡಿಕೊಂಡರೂ 95 ಇದ್ದದ್ದು 95ರಲ್ಲೇ ನಿಲ್ಲುತ್ತದೆ. ಲೆಕ್ಕ ಬಲ್ಲವರು ಬಂಗಾರವನ್ನಾಗಲಿ ಹಸಿರನ್ನಾಗಲಿ ಬಿಡುವುದಿಲ್ಲ. ಲಾಭದ ವ್ಯಾಪಾರ ನಡೆಯುವುದು ಕೆಂಪು, ಬಿಳಿ, ನೀಲಿಗಳಲ್ಲಿ ಮಾತ್ರ. ನಾಲ್ಕು ಬಿಳಿ, ಒಂದು ಕೆಂಪು ಇರುವವರು ಕೆಂಪು ಕೊಟ್ಟು ಬಿಳಿ ತೆಗೆದುಕೊಂಡರೆ 65ರಿಂದ 70ಕ್ಕೆ ಏರುತ್ತಾರೆ. ಹತ್ತು ನಿಮಿಷ ಬೆವರು ಹರಿಸಿ ಗಳಿಸಿದ್ದು ಐದು ಅಂಕ.

ಕೊಸರಿನ ಅಂಕವನ್ನು ಮನಸ್ಸಿಗೆ ಬಂದಂತೆ ಏರಿಸಿದರೆ ಆಟ ಕೆಡುತ್ತದೆ. ಐದಕ್ಕೆ 50 ಎಂದು ಇಟ್ಟು ನೋಡಿ. ಐದು ಕೆಂಪು ಸೇರಿಸಿದ ತ್ರಿಕೋನದ ಹುಡುಗಿ 125ಕ್ಕೆ ಏರಿ ಒಂದೇ ಏಟಿಗೆ ಚೌಕ ಸೇರುತ್ತಾಳೆ. ಇಂಥವರು ನಾಲ್ಕೈದು ಮಂದಿ ಆದರೆ ಗುಂಪು ಗಟ್ಟಿಯಾಗುವುದೇ ಇಲ್ಲ. ಅತ್ತ ಕೊಸರನ್ನೇ ತೆಗೆದುಹಾಕಿದರೆ ವ್ಯಾಪಾರ ಮಾಡಲು ಕಾರಣವೇ ಇರುವುದಿಲ್ಲ, ಮಕ್ಕಳು ಮೂರನೇ ನಿಮಿಷಕ್ಕೆ ಕುಳಿತುಬಿಡುತ್ತಾರೆ. ಏರಬಹುದೆಂಬ ಆಸೆ ಇರಬೇಕು, ಏರುವವರು ಒಬ್ಬಿಬ್ಬರೇ ಆಗಬೇಕು.

ಆ ಒಬ್ಬಿಬ್ಬರ ದಾರಿ ಬೋನಸ್. ಮೂರು ಬಿಲ್ಲೆಯನ್ನೂ ತಮ್ಮಲ್ಲಿ ಮುಂದಿರುವ ಒಬ್ಬರಿಗೇ ಕೊಟ್ಟರೆ 30 ಅಂಕ. 75ರಲ್ಲಿದ್ದ ತ್ರಿಕೋನದವನು 105ಕ್ಕೆ ಹಾರಿ ಚೌಕದ ಬ್ಯಾಡ್ಜು ಹಾಕಿಕೊಳ್ಳಬಹುದು. ನಮ್ಮವನೊಬ್ಬ ಮೇಲೆ ಹೋದರೆ ನಮ್ಮನ್ನೂ ನೋಡಿಕೊಳ್ಳುತ್ತಾನೆ ಎಂಬ ವಾದ ಗುಂಪಿನಲ್ಲಿ ಎದ್ದೇ ಏಳುತ್ತದೆ. ಹೋದವನು ಮೂರನೇ ಸುತ್ತಿನಲ್ಲಿ ಏನು ಮಾಡುತ್ತಾನೆ ಎಂಬುದನ್ನು ಆಡಿಸುವವರು ಕಣ್ಣಿಟ್ಟು ನೋಡಿ ಬರೆದಿಟ್ಟುಕೊಳ್ಳಬೇಕು. ಕೊನೆಯ ಮಾತುಕತೆಗೆ ಅದಕ್ಕಿಂತ ಒಳ್ಳೆಯ ಸರಕು ಸಿಗುವುದಿಲ್ಲ.

ಕಿಟ್ ಮಾಡಿಕೊಳ್ಳುವುದು

30 ಮಕ್ಕಳಿಗೆ 150 ಬಿಲ್ಲೆ ಬೇಕು: ಬಂಗಾರ 10, ಹಸಿರು 20, ಕೆಂಪು, ಬಿಳಿ, ನೀಲಿ ತಲಾ 40. ಮೂರೂ ಗುಂಪಿಗೆ ಮೂರರಂತೆ ಬೋನಸ್ ಬಿಲ್ಲೆ 9. ಕಳೆದುಹೋಗುವುದಕ್ಕೆಂದು ಪ್ರತಿ ಬಣ್ಣದಲ್ಲೂ ಐದಾರು ಹೆಚ್ಚಿಗೆ ಕತ್ತರಿಸಿಡಿ. ಬಿಲ್ಲೆಯ ಅಳತೆ ಒಂದಿಂಚು ಅಗಲ, ಎರಡಿಂಚು ಉದ್ದ. ದುಂಡಗೆ ಅಥವಾ ಚೌಕಾಕಾರವಾಗಿ ಕತ್ತರಿಸಬೇಡಿ. ಗುಂಪಿನ ಹೆಸರಿಗೂ ಬಿಲ್ಲೆಯ ಆಕಾರಕ್ಕೂ ಮಕ್ಕಳು ಸಂಬಂಧ ಕಲ್ಪಿಸಿ, ದುಂಡು ಬಿಲ್ಲೆ ವೃತ್ತದವರದ್ದೇ ಎಂದು ಜಗಳ ತೆಗೆಯುತ್ತಾರೆ.

ಬರಿಯ ಚಾರ್ಟ್ ಪೇಪರ್ ತೆಳು. ಎರಡು ಬಿಲ್ಲೆ ಅಂಟಿಕೊಂಡು ಒಂದರಂತೆ ಕೈ ಬದಲಾಗುತ್ತವೆ, ಲೆಕ್ಕ ತಪ್ಪುತ್ತದೆ. ಹಳೆಯ ಮದುವೆ ಕರೆಯೋಲೆಯ ದಪ್ಪ ಕಾಗದಕ್ಕೋ ನೋಟ್‌ಬುಕ್ಕಿನ ರಟ್ಟಿಗೋ ಅಂಟಿಸಿ ಕತ್ತರಿಸಿದರೆ ವರ್ಷಗಟ್ಟಲೆ ಬಾಳುತ್ತವೆ. ಬಂಗಾರದ ಬಿಲ್ಲೆಗೆ ಮಿನುಗು ಕಾಗದ ಬಳಸುವ ಆಸೆ ಬಿಡಿ. ಅದರ ಮೇಲ್ಮೈ ಬೇರೆಯಾದ್ದರಿಂದ ಕವರಿನ ಹೊರಗಿಂದ ತಡವಿದರೇ ಗೊತ್ತಾಗುತ್ತದೆ. ಹಳದಿ ಚಾರ್ಟ್ ಪೇಪರೇ ಸಾಕು, ಬಾಯಲ್ಲಿ ಬಂಗಾರ ಎಂದರಾಯಿತು.

ಪ್ರತಿ ಬಿಲ್ಲೆಯ ಮೇಲೂ ಬೆಲೆಯ ಅಂಕಿ ಬರೆಯಿರಿ. ಕೆಂಪು-ಹಸಿರು ವ್ಯತ್ಯಾಸ ಕಾಣದ ಬಣ್ಣಗುರುಡು ಇರುವ ಹುಡುಗ ತರಗತಿಯಲ್ಲಿದ್ದರೆ, ಅಂಕಿಯಿಲ್ಲದ ಬಿಲ್ಲೆ ಅವನನ್ನು ಆಟದ ಹೊರಗೇ ನಿಲ್ಲಿಸಿಬಿಡುತ್ತದೆ. ಅಂಕಿಯಿದ್ದರೆ ಕೂಡುವ ಲೆಕ್ಕವೂ ಬೇಗ ಮುಗಿಯುತ್ತದೆ.

ಕವರ್‌ಗಳನ್ನು ಹಿಂದಿನ ದಿನವೇ ತುಂಬಿ, ಬಗೆಗೊಂದು ಸಣ್ಣ ಪೆನ್ಸಿಲ್ ಗುರುತನ್ನು ಒಳಮಡಿಕೆಯಲ್ಲಿ ಹಾಕಿ ಕಲಸಿಡಿ. ಮೊದಲ ಸುತ್ತಿನಲ್ಲಿ ಮಕ್ಕಳೇ ಕೈ ಹಾಕಿ ಎತ್ತಿಕೊಳ್ಳಲಿ. ಎರಡನೇ ಸುತ್ತಿನಿಂದ ಗುಂಪಿಗೊಂದು ಚೀಲ. ಚೌಕದವರಿಗೆ ಮೊದಲ ಬಗೆಯ ಕವರ್‌ಗಳೇ, ತ್ರಿಕೋನದವರಿಗೆ ಮೂರನೇ ಬಗೆಯವೇ. ಮೂರು ಚೀಲವೂ ಒಂದೇ ಬಣ್ಣ, ಒಂದೇ ಅಳತೆ ಇರಬೇಕು. ಅಂಗಡಿಯ ಹೆಸರು ಅಚ್ಚಾದ ಚೀಲ ಒಂದು, ಬೋಳು ಚೀಲ ಎರಡು ಎಂದಾದರೆ ಹಿಂದಿನ ಬೆಂಚಿನವರಿಗೆ ಗುಟ್ಟು ಗೊತ್ತಾಗಲು ತಡವಿಲ್ಲ. ಬ್ಯಾಡ್ಜಿಗೆ ಸೇಫ್ಟಿ ಪಿನ್ನೇ ಮೇಲು, ಅಂಟುಪಟ್ಟಿ ಬೆವರಿಗೆ ಕಿತ್ತು ಬರುತ್ತದೆ.

ಆಡಿಸುವಾಗ ಕೆಡುವ ಜಾಗಗಳು

ಹೊತ್ತಿನ ಲೆಕ್ಕ ಮೊದಲು. ವಿವರಣೆಗೆ 15 ನಿಮಿಷ, ಮೂರು ಸುತ್ತಿನ ವ್ಯಾಪಾರಕ್ಕೆ 30, ಎರಡು ಸಲ ಅಂಕ ಬರೆಯಲು 20, ಎರಡು ಬೋನಸ್‌ಗೆ 10, ನಿಯಮ ಮಾಡಲು 10. ಇಲ್ಲಿಗೇ 85 ನಿಮಿಷ ಆಯಿತು. ಮಾತುಕತೆಗೆ ಕನಿಷ್ಠ ಒಂದು ಗಂಟೆ. 40–45 ನಿಮಿಷದ ಪಿರಿಯಡ್ಡಿನಲ್ಲಿ ಇದು ಹಿಡಿಯುವುದಿಲ್ಲ. ಇವತ್ತು ಅರ್ಧ, ನಾಳೆ ಅರ್ಧ ಎಂದು ಮುರಿಯುವುದಂತೂ ಕೂಡದು. ತ್ರಿಕೋನದ ಬ್ಯಾಡ್ಜಿನ ಕಹಿಯನ್ನು ಮಗು ಮನೆಗೆ ಹೊತ್ತುಕೊಂಡು ಹೋಗುತ್ತದೆ, ಗುಟ್ಟೂ ರಾತ್ರಿಯೊಳಗೆ ಒಡೆಯುತ್ತದೆ. ಮಧ್ಯಾಹ್ನದ ಪಿರಿಯಡ್‌ಗಳನ್ನೆಲ್ಲ ಒಟ್ಟಿಗೆ ಪಡೆದುಕೊಳ್ಳಿ, ಇಲ್ಲವೇ ಶನಿವಾರದ ಬೆಳಗಿನ ಶಾಲೆಯನ್ನು ಇದಕ್ಕೇ ಇಡಿ.

ಅಂಕ ಬರೆಯುವುದು ಸೋರುವ ಜಾಗ. ಮಕ್ಕಳು ತಮ್ಮ ಬಿಲ್ಲೆಗಳನ್ನು ಮೇಜಿನ ಮೇಲೆ ಹರಡಿ ಕೂಡಲು ಶುರುಮಾಡಿದರೆ ಪಕ್ಕದವರ ಬಂಗಾರ ಕಣ್ಣಿಗೆ ಬಿದ್ದು, ನನಗೇಕೆ ಒಂದೂ ಬರಲಿಲ್ಲ ಎಂಬ ಪ್ರಶ್ನೆ ಬೇಗನೇ ಏಳುತ್ತದೆ. ಒಬ್ಬೊಬ್ಬರಾಗಿ ಬಂದು ಬಿಲ್ಲೆ ಕೊಟ್ಟು ಹೋಗಲಿ, ಎಣಿಕೆ ನೀವೇ ಮಾಡಿ, ಒಬ್ಬ ಸಹಾಯಕರು ಬೋರ್ಡಿನ ಮೇಲೆ ಬರೆಯಲಿ. ಸಹಾಯಕರು ಆ ತರಗತಿಯ ವಿದ್ಯಾರ್ಥಿ ಆಗಬಾರದು. ಹಾಗಿದ್ದೂ ಯಾರಾದರೂ ಹಂಚಿಕೆಯ ಬಗ್ಗೆ ನೇರವಾಗಿ ಕೇಳಿದರೆ ಸುಳ್ಳು ಹೇಳಬೇಡಿ. ಕೊನೆಯಲ್ಲಿ ಮಾತಾಡೋಣ, ನೆನಪಿಟ್ಟುಕೋ ಎನ್ನಿ. ಕೇಳಿದ ಮಗುವಿನ ಹೆಸರು ಬರೆದಿಟ್ಟುಕೊಳ್ಳಿ.

ಕೈ ಹಿಡಿಯುವ ನಿಯಮವನ್ನು ನಮ್ಮ ಕಡೆ ಇದ್ದ ಹಾಗೇ ಬಳಸಬಾರದು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ಹದಿಮೂರು ಹದಿನಾಲ್ಕರ ಹುಡುಗ ಹುಡುಗಿಯರು ಕೈ ಹಿಡಿಯಲು ನಾಚುತ್ತಾರೆ. ವ್ಯಾಪಾರ ಹುಡುಗರ ನಡುವೆ ಒಂದು, ಹುಡುಗಿಯರ ನಡುವೆ ಒಂದು ಎಂದು ಎರಡು ಸಂತೆಯಾಗಿ ಒಡೆಯುತ್ತದೆ. ಅದಕ್ಕಿಂತ ದೊಡ್ಡ ಅಡ್ಡಿ ಇನ್ನೊಂದಿದೆ. ಮುಟ್ಟುವುದು ಮುಟ್ಟದಿರುವುದು ಎಂಬುದಕ್ಕೆ ನಮ್ಮಲ್ಲಿ ಬೇರೆಯೇ ಇತಿಹಾಸ ಇದೆ. ಯಾರ ಕೈಯನ್ನು ಯಾರು ಹಿಡಿಯಲಿಲ್ಲ ಎಂಬುದು ಆಟದ ಹೊರಗಿನ ಗಾಯವನ್ನು ಕೆದಕಿಬಿಡಬಹುದು. ಬದಲಿಗೆ ಒಂದಡಿ ಸ್ಕೇಲು ಕೊಡಿ. ಇಬ್ಬರೂ ಅದರ ಎರಡು ತುದಿ ಹಿಡಿದಿದ್ದಾಗ ಮಾತ್ರ ಮಾತು. ಒಬ್ಬರಿಗೊಂದು ಸ್ಕೇಲು ಬೇಕಿಲ್ಲ, 15 ಸಾಕು. ಸ್ಕೇಲು ಸಿಗದವರು ಕಾಯಲಿ, ಅದೂ ಆಟದ ಭಾಗವೇ.

ಚೌಕದವರು ನಿಯಮ ಮಾಡಲು ಕೂತಾಗ ನೀವು ದೂರ ನಿಲ್ಲಬೇಕು. ಸಾಮಾನ್ಯವಾಗಿ ಹುಟ್ಟುವ ನಿಯಮಗಳು ಇಂಥವು: ಚೌಕದವರು ಕೇಳಿದರೆ ಯಾರಾದರೂ ಬಿಲ್ಲೆ ತೋರಿಸಲೇಬೇಕು, ತ್ರಿಕೋನದವರು ಕೈ ಕಟ್ಟುವಂತಿಲ್ಲ, ಚೌಕದವರ ಕೈಯಲ್ಲಿರುವ ಹಸಿರಿಗೆ ಎರಡರಷ್ಟು ಬೆಲೆ. ಎಷ್ಟೇ ಅನ್ಯಾಯ ಎನ್ನಿಸಿದರೂ ಬಿಡಿ. ನೀವು ತಡೆಯಬೇಕಾದದ್ದು ಎರಡನ್ನೇ, ಮೈಮುಟ್ಟಿ ಮಾಡುವ ಬಲಾತ್ಕಾರ ಮತ್ತು ಮರ್ಯಾದೆ ತೆಗೆಯುವ ಶಿಕ್ಷೆ. ಬಸ್ಕಿ ಹೊಡೆಸುವುದು, ಮೊಣಕಾಲೂರಿ ನಿಲ್ಲಿಸುವುದು ಮುಂತಾದ್ದಕ್ಕೆ ಅವಕಾಶವಿಲ್ಲ ಎಂದು ಮೊದಲೇ ಹೇಳಿಬಿಡಿ, ಏಕೆಂದರೆ ಶಾಲೆಯಲ್ಲಿ ನೋಡಿದ್ದನ್ನೇ ಮಕ್ಕಳು ಕಾನೂನು ಮಾಡುತ್ತಾರೆ.

ಬಂಡಾಯ ಹೀಗೇ ಬರುತ್ತದೆ ಎಂದು ಕಾಯಬೇಡಿ. ಒಂದು ತರಗತಿಯಲ್ಲಿ ಬಿಲ್ಲೆ ಕದಿಯುತ್ತಾರೆ, ಇನ್ನೊಂದರಲ್ಲಿ ವ್ಯಾಪಾರ ನಿಲ್ಲಿಸಿ ನೆಲದ ಮೇಲೆ ಕೂತುಬಿಡುತ್ತಾರೆ, ಮತ್ತೊಂದರಲ್ಲಿ ಬೋರ್ಡು ಒರೆಸಿಬಿಡುತ್ತಾರೆ. ಏನೂ ಆಗದಿರುವುದೂ ಉಂಟು. ತ್ರಿಕೋನದವರು ತಲೆಬಗ್ಗಿಸಿ ಹೇಳಿದಂತೆ ಕೇಳುತ್ತ ಹೋಗುತ್ತಾರೆ. ಆಟ ಕೆಟ್ಟಿತೆಂದು ಕೆಲವರು ಆಗ ಕೆಣಕಲು ಹೊರಡುತ್ತಾರೆ, ಅದು ಬೇಡ. ಏಕೆ ಸುಮ್ಮನಿದ್ದಿರಿ ಎಂಬ ಪ್ರಶ್ನೆಗೆ ಬರುವ ಉತ್ತರ ಬಂಡಾಯದ ಗದ್ದಲಕ್ಕಿಂತ ಬೆಲೆಯುಳ್ಳದ್ದು. ಮೂರನೇ ಸುತ್ತು ಹತ್ತು ನಿಮಿಷ ಮೀರದಿರಲಿ. ಅಳು ಬಂದರೆ, ಕೈ ಮಿಲಾಯಿಸುವ ಸೂಚನೆ ಕಂಡರೆ ಆ ಕ್ಷಣವೇ ಸೀಟಿ ಊದಿ ನಿಲ್ಲಿಸಿ.

ಮೊದಲೇ ತರಗತಿಯ ಗೇಲಿಗೆ ಗುರಿಯಾಗಿರುವ ಮಗುವೊಂದಿದ್ದರೆ ಅದಕ್ಕೆ ಬಿಲ್ಲೆ ಕೊಡದೆ ಸಮಯ ನೋಡುವ ಕೆಲಸ ಕೊಡಿ. ನಿಜಬದುಕಿನ ತಳದವರನ್ನು ಆಟದಲ್ಲೂ ತಳಕ್ಕೆ ತಳ್ಳಿ ಪಾಠ ಕಲಿಸುವ ಹಕ್ಕು ಯಾರಿಗೂ ಇಲ್ಲ.

ಮಾತುಕತೆ

ಬ್ಯಾಡ್ಜು ಮೊದಲು ಕಳಚಬೇಕು. ಬ್ಯಾಡ್ಜು ಇದ್ದಷ್ಟು ಹೊತ್ತೂ ಮಕ್ಕಳು ಗುಂಪಿನ ಪರವಾಗಿಯೇ ಮಾತಾಡುತ್ತಾರೆ. ಎಲ್ಲರೂ ಒಂದೇ ಸುತ್ತಿನಲ್ಲಿ, ಗುಂಪು ಬೆರೆತು ಕೂರಲಿ. ಮಾತಿನ ಸರದಿ ತ್ರಿಕೋನದಿಂದ ಶುರುವಾಗಿ, ವೃತ್ತಕ್ಕೆ ಬಂದು, ಕೊನೆಗೆ ಚೌಕಕ್ಕೆ ಹೋಗಬೇಕು. ಚೌಕದವರು ಮೊದಲು ಮಾತಾಡಿದರೆ ಸಮರ್ಥನೆಯ ಹೊಳೆ ಹರಿದು ಉಳಿದವರ ಬಾಯಿ ಕಟ್ಟುತ್ತದೆ.

ಗುಟ್ಟು ಬಿಚ್ಚುವುದಕ್ಕೂ ಒಂದು ಹೊತ್ತಿದೆ. ಮೊದಲಿಗೇ ಹೇಳಿಬಿಟ್ಟರೆ ಎಲ್ಲ ಸಿಟ್ಟೂ ಮೇಷ್ಟ್ರ ಮೇಲೆ ತಿರುಗಿ, ತಾವು ಮಾಡಿದ್ದರ ಬಗ್ಗೆ ಯಾರೂ ಯೋಚಿಸುವುದಿಲ್ಲ. ನೀವು ಹೇಗೆ ಮೇಲೆ ಬಂದಿರಿ ಎಂದು ಚೌಕದವರನ್ನು ಕೇಳಿ, ಬಂದ ಉತ್ತರಗಳನ್ನೆಲ್ಲ ಬೋರ್ಡಿನ ಮೇಲೆ ಬರೆಯಿರಿ. ಚೆನ್ನಾಗಿ ಚೌಕಾಸಿ ಮಾಡಿದೆ, ಲೆಕ್ಕ ಸರಿಯಾಗಿ ಹಾಕಿದೆ, ಸುಮ್ಮನೆ ಓಡಾಡಲಿಲ್ಲ ಎಂಬ ಉತ್ತರಗಳು ಬರುತ್ತವೆ. ಅದಾದ ಮೇಲೆ, ಆ ಪಟ್ಟಿಯ ಪಕ್ಕದಲ್ಲೇ, ಮೂರು ಬಗೆಯ ಕವರಿನಲ್ಲಿ ಏನೇನಿತ್ತು ಎಂದು ಬರೆದುಬಿಡಿ. 95ರ ಲೆಕ್ಕವನ್ನು ಮಕ್ಕಳ ಕೈಯಲ್ಲೇ ಮಾಡಿಸಿ. ಹಂಚಿಕೆಯ ಬಗ್ಗೆ ಮುಂಚೆಯೇ ಕೇಳಿದ್ದವರ ಹೆಸರನ್ನು ಈಗ ಓದಿ. ಕೇಳಿದವರು ಹೆಚ್ಚಾಗಿ ಯಾವ ಗುಂಪಿನವರು ಎಂಬುದು ತಾನೇ ಕಾಣುತ್ತದೆ.

ಇಲ್ಲಿಂದ ಹೊರಗಿನ ಜಗತ್ತಿಗೆ ಹೋಗುವಾಗ ಎಚ್ಚರ ಬೇಕು. ಚೌಕವೆಂದರೆ ಇಂಥ ಜಾತಿ, ತ್ರಿಕೋನವೆಂದರೆ ಇಂಥ ಜಾತಿ ಎಂದು ಗೆರೆ ಎಳೆಯಬೇಡಿ, ಮಕ್ಕಳು ಎಳೆದರೂ ಹೆಸರು ಹಿಡಿದು ಚರ್ಚಿಸಲು ಬಿಡಬೇಡಿ. ಶಿಕ್ಷಣ ಹಕ್ಕು ಕಾಯಿದೆಯ ಶೇಕಡ 25ರ ಸೀಟಿನಲ್ಲಿ ಸೇರಿದ ಮಗು ಅದೇ ಬೆಂಚಿನಲ್ಲಿ ಕೂತಿರಬಹುದು. ಟ್ಯೂಷನ್, ಮನೆಯಲ್ಲಿ ಓದಲು ಜಾಗ, ಬೆಳಗ್ಗೆ ನೀರು ಹಿಡಿಯಲು ಹೋಗಬೇಕಾದ ಹೊತ್ತು, ಇವೆಲ್ಲ ಯಾವ ಬಣ್ಣದ ಬಿಲ್ಲೆ ಎಂದು ಕೇಳಿದರೆ ಸಾಕು. ಯಾರ ಮನೆಯಲ್ಲಿ ಏನಿದೆ ಎಂದು ಕೈ ಎತ್ತಿಸುವ ಕೆಲಸ ಮಾಡಲೇಬೇಡಿ.

ಇಂಥ ಬೇರೆ ಆಟಗಳ ಪಕ್ಕದಲ್ಲಿಟ್ಟರೆ

1968ರ ಏಪ್ರಿಲ್ 5ರಂದು, ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯ ಮರುದಿನ, ಅಯೋವಾ ರಾಜ್ಯದ ರೈಸ್‌ವಿಲ್ ಊರಿನ ಶಿಕ್ಷಕಿ ಜೇನ್ ಎಲಿಯಟ್ ಮೂರನೇ ತರಗತಿಯ ಮಕ್ಕಳನ್ನು ಕಣ್ಣಿನ ಬಣ್ಣದ ಮೇಲೆ ಮೇಲುಕೀಳು ಮಾಡಿ ಪಾಠ ಮಾಡಿದರು. ಪರಿಣಾಮ ತೀಕ್ಷ್ಣ. ಆದರೆ ಅಲ್ಲಿ ಗುರುತು ಮೈಮೇಲೇ ಇದೆ, ಮಕ್ಕಳೂ ತೀರಾ ಚಿಕ್ಕವರು. ಸ್ಟಾರ್‌ಪವರ್‌ನಲ್ಲಿ ಗುರುತನ್ನು ಕಳಚಿಡಬಹುದು. ತರಗತಿಗೆ ಇದೇ ಸುರಕ್ಷಿತ.

ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನಿ ಪಾಲ್ ಪಿಫ್ ಮತ್ತು ಸಂಗಡಿಗರು ಇಬ್ಬಿಬ್ಬರನ್ನು ಮೊನಾಪಲಿ ಆಡಲು ಕೂರಿಸಿ, ನಾಣ್ಯ ಚಿಮ್ಮಿ ಒಬ್ಬರಿಗೆ ಎರಡರಷ್ಟು ಹಣ, ಎರಡು ದಾಳ ಕೊಟ್ಟಿದ್ದರು. ಗೆದ್ದವರು ತಮ್ಮ ಚಾಣಾಕ್ಷತನದ ಕಥೆ ಹೇಳಿದರೇ ಹೊರತು ನಾಣ್ಯದ ಮಾತೆತ್ತಲಿಲ್ಲ. ಅಲ್ಲಿ ಮೋಸ ಇಬ್ಬರ ಕಣ್ಣೆದುರೇ ಇತ್ತು ಎಂಬುದು ಸ್ವಾರಸ್ಯ. ಇಬ್ಬರೇ ಆಡಬೇಕಾದ್ದರಿಂದ ಮೂವತ್ತು ಮಕ್ಕಳ ತರಗತಿಗೆ 15 ಬೋರ್ಡು ಬೇಕು, ಗುಂಪಿನ ರಾಜಕೀಯವೂ ಹುಟ್ಟುವುದಿಲ್ಲ.

ಆ ಮೊನಾಪಲಿಯ ಮೂಲವೇ ಇಂಥದ್ದೊಂದು ಪಾಠ. ಲಿಜ್ಜಿ ಮ್ಯಾಗಿ 1904ರಲ್ಲಿ ಪೇಟೆಂಟ್ ಪಡೆದ ಲ್ಯಾಂಡ್‌ಲಾರ್ಡ್ಸ್ ಗೇಮ್, ಭೂಮಾಲೀಕರ ಬಾಡಿಗೆಯ ಅನ್ಯಾಯ ತೋರಿಸಲು ಹುಟ್ಟಿದ ಆಟ. ನಮ್ಮ ಮನೆಗಳಲ್ಲಿ ರಜೆಯಲ್ಲಿ ಆಡುವ ‘ಬ್ಯುಸಿನೆಸ್’ ಅದೇ ವಂಶದ್ದು, ಪಾಠ ಮಾತ್ರ ಉದುರಿಹೋಗಿದೆ. ಇನ್ನು ನಮ್ಮದೇ ಅಳಗುಳಿಮಣೆ ಇದೆ. ಸೋತವರು ಕಾಳು ಸಾಲದೆ ಕೆಲವು ಗುಳಿ ಖಾಲಿ ಬಿಟ್ಟು ಮುಂದಿನ ಆಟಕ್ಕೆ ಕೂರಬೇಕು. ಹಿಂದಿನ ಆಟದ ಬಡತನ ಮುಂದಿನ ಆಟಕ್ಕೂ ಬರುತ್ತದೆ, ಆದರೆ ಖಾಲಿ ಗುಳಿ ಎಲ್ಲರಿಗೂ ಕಾಣುತ್ತದೆ. ಸ್ಟಾರ್‌ಪವರ್ ಆ ಗುಳಿಯನ್ನು ಮುಚ್ಚಿಟ್ಟು ಆಡಿಸುತ್ತದೆ. ಹತ್ತನೇ ವಯಸ್ಸಿನೊಳಗಿನ ಮಕ್ಕಳಿಗೆ ಇದೇ ವಿಷಯ ತಿಳಿಸಬೇಕೆಂದರೆ ಅಳಗುಳಿಮಣೆಯೇ ಸರಿ.

ಕೊರತೆಗಳು

ವೃತ್ತದವರಿಗೆ ಈ ಆಟ ಹೆಚ್ಚೇನೂ ಕೊಡುವುದಿಲ್ಲ. ಮೇಲಕ್ಕೂ ಹೋಗದೆ ಸಿಟ್ಟೂ ಬರದೆ ಅವರು ಬೇಸರದಲ್ಲಿ ಕೂರುತ್ತಾರೆ. ಮಾತುಕತೆಯಲ್ಲೂ ಅವರ ಸರದಿ ಬೇಗ ಮುಗಿಯುತ್ತದೆ. ಮಧ್ಯಮವರ್ಗದ ಚಡಪಡಿಕೆಯನ್ನು ತೋರಿಸಲು ಆಟದಲ್ಲಿ ಸಾಧನ ಇಲ್ಲ.

ಒಂದು ತರಗತಿ ಇದನ್ನು ಒಮ್ಮೆ ಮಾತ್ರ ಆಡಬಹುದು. ‘ಎ’ ವಿಭಾಗದವರು ಆಡಿದ ಸುದ್ದಿ ಬಿಸಿಯೂಟದ ಸಾಲಿನಲ್ಲೇ ‘ಬಿ’ ವಿಭಾಗಕ್ಕೆ ತಲುಪುತ್ತದೆ. ಎರಡೂ ವಿಭಾಗಕ್ಕೆ ಆಡಿಸುವುದಿದ್ದರೆ ಒಂದೇ ಹೊತ್ತಿಗೆ, ಎರಡು ಕೋಣೆಯಲ್ಲಿ, ಇಬ್ಬರು ಶಿಕ್ಷಕರು ಆಡಿಸಬೇಕು.

ದೊಡ್ಡ ಕೊರತೆ ಬೇರೆ. ಅಧಿಕಾರ ಸಿಕ್ಕರೆ ಎಲ್ಲರೂ ಹೀಗೇ, ಇದಕ್ಕೆ ಮದ್ದಿಲ್ಲ ಎಂಬ ಸಿನಿಕ ಪಾಠ ಕಲಿತು ಹೊರಡುವ ಮಕ್ಕಳು ಇರುತ್ತಾರೆ. ಆಟದ ಕಟ್ಟೋಣವೇ ಆ ಕಡೆ ವಾಲಿದೆ. ಹೊತ್ತಿದ್ದರೆ ಮಾತುಕತೆ ಮುಗಿದ ಮೇಲೆ ಹತ್ತು ನಿಮಿಷದ ನಾಲ್ಕನೇ ಸುತ್ತೊಂದನ್ನು ಸೇರಿಸಿ. ಬಿಲ್ಲೆಗಳನ್ನು ಮೂರೂ ಬಗೆಯ ಕವರಿನಿಂದಲೇ ಹಂಚಿ, ಆದರೆ ನಿಯಮವನ್ನು ಇಡೀ ತರಗತಿ ಸೇರಿ ಮಾಡಲಿ. ಕೆಲವರು ಎಲ್ಲ ಬಿಲ್ಲೆ ಒಟ್ಟುಗೂಡಿಸಿ ಸಮ ಹಂಚಬೇಕೆನ್ನುತ್ತಾರೆ, ಕೆಲವರು 100ರ ಮೇಲಿನ ಅಂಕಕ್ಕೆ ತೆರಿಗೆ ಹಾಕಬೇಕೆನ್ನುತ್ತಾರೆ, ಬಂಗಾರ ಸಿಕ್ಕವರು ಅಡ್ಡಮಾತು ತೆಗೆಯುತ್ತಾರೆ. ಒಪ್ಪಂದ ಆಗದಿದ್ದರೂ ಚಿಂತೆಯಿಲ್ಲ, ಎಲ್ಲಿ ತೊಡಕಾಯಿತು ಎಂಬುದು ಕಾಣಬೇಕು.

ಮಕ್ಕಳ ಸಂಖ್ಯೆ ಬೇರೆಯಿದ್ದರೆ ಲೆಕ್ಕ ಹೀಗೆ. 21 ಮಕ್ಕಳಿಗೆ ಪ್ರತಿ ಬಗೆಯ 7 ಕವರ್, ಬಂಗಾರ 7, ಹಸಿರು 14, ಉಳಿದ ಮೂರು ಬಣ್ಣ ತಲಾ 28. ಮೂರರಿಂದ ಭಾಗವಾಗದಿದ್ದರೆ ಹೆಚ್ಚುವರಿ ಕವರ್ ಯಾವಾಗಲೂ ಮೂರನೇ ಬಗೆಯದೇ ಆಗಿರಲಿ. ಚೌಕ ಚಿಕ್ಕದಾದಷ್ಟೂ ಆಟ ಬಿಗಿಯಾಗುತ್ತದೆ. 35 ದಾಟಿದ ತರಗತಿಯಲ್ಲಿ ಮಿಕ್ಕವರಿಗೆ ನೋಟ್‌ಬುಕ್ ಕೊಟ್ಟು ನೋಡುಗರಾಗಿ ಕೂರಿಸಿ. ಯಾರು ಯಾವಾಗ ಕೈ ಕಟ್ಟಿದರು, ಸ್ಕೇಲು ಯಾರ ಕೈಯಲ್ಲಿ ಹೆಚ್ಚು ಹೊತ್ತು ಉಳಿಯಿತು ಎಂದು ಅವರು ಬರೆದುಕೊಳ್ಳಲಿ. ಮುಗಿದ ಮೇಲೆ ಬಿಲ್ಲೆ ಎಣಿಸಿಯೇ ಡಬ್ಬಿಗೆ ಹಾಕಿ, ಬಂಗಾರದ್ದು ಒಂದೆರಡು ಯಾರದೋ ಜೇಬಿನಲ್ಲಿ ಉಳಿದಿರುತ್ತವೆ.